ಐಪಿಸಿ 326ರ ಶಿಕ್ಷೆಯ ಮೇಲೆ ಅಪೀಲು: ಸೆಷನ್ಸ್ ಕೋರ್ಟು ಸಾಕ್ಷ್ಯವನ್ನು ಮತ್ತೆ ಓದುವ ಬಗೆ

ಮಚ್ಚು, ಚಾಕು, ದೊಣ್ಣೆಯಿಂದ ಹೊಡೆದ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಟ್ಟಾಗ ಮನೆಯವರು ಹಿಡಿದುಕೊಳ್ಳುವ ಮೊದಲ ಆಸರೆ, "ಮೇಲಿನ ಕೋರ್ಟಿನಲ್ಲಿ ಸಾಕ್ಷಿಗಳನ್ನೆಲ್ಲ ಮತ್ತೆ ಕರೆಸಿ ಕೇಳುತ್ತಾರೆ" ಅನ್ನುವ ನಂಬಿಕೆ. ಹಾಗೆ ಯಾರನ್ನೂ ಕರೆಸುವುದಿಲ್ಲ. ಅಪೀಲು ಕೇಳುವ ನ್ಯಾಯಾಧೀಶರ ಮುಂದೆ ಇರುವುದು ಕೆಳಗಿನ ಕೋರ್ಟಿನ ಕಡತವೊಂದೇ. ನಮ್ಮ ಮನೆಯ ಅಪೀಲು ಈಗ ಮುಗಿದಿದೆ. ಜಮೀನಿನ ಬದುವಿನ ಜಗಳ, ಮುಂಗೈಗೆ ಮಚ್ಚಿನ ಏಟು, ಐಪಿಸಿ 326ರಲ್ಲಿ (ಅಪಾಯಕಾರಿ ಆಯುಧದಿಂದ ಬೇಕೆಂದೇ ತೀವ್ರ ಗಾಯ ಮಾಡಿದ ಅಪರಾಧ) ಜೈಲು ಶಿಕ್ಷೆ ಮತ್ತು ದಂಡ: ನಮ್ಮ ಕಥೆ ಇಷ್ಟೇ. ಇದೇ ದಾರಿಯಲ್ಲಿ ಬರುವವರಿಗೆ ಬೇಕಾದದ್ದು ಆಮೇಲಿನದು, ಅದನ್ನು ಕ್ರಮವಾಗಿ ಬರೆಯುತ್ತೇನೆ.

ತೀರ್ಪಿನ ದಿನದಿಂದಲೇ ಶುರು ಮಾಡಬೇಕು. ಅವತ್ತು ಜಾಮೀನುದಾರರನ್ನು ಜೊತೆಗೇ ಕರೆದುಕೊಂಡು ಹೋಗಿ. ತಪ್ಪಿತಸ್ಥ ಎಂದು ಹೇಳಿದ ಕ್ಷಣದಿಂದ ಆರೋಪಿ ಪೊಲೀಸರ ವಶದಲ್ಲಿರುತ್ತಾನೆ. ನಿನ್ನೆಯವರೆಗೂ ಜಾಮೀನಿನ ಮೇಲೆ ಓಡಾಡುತ್ತಿದ್ದವನ ಪಕ್ಕದಲ್ಲಿ ಕಾನ್‌ಸ್ಟೇಬಲ್ ನಿಂತದ್ದನ್ನು ಕಂಡರೆ ಮನೆಯವರ ಜೀವ ಬಾಯಿಗೆ ಬರುತ್ತದೆ. ಆದರೆ ಕ್ರಿಮಿನಲ್ ಕೇಸುಗಳ ನಡಾವಳಿಯ ಕಾಯ್ದೆಯಾದ ಸಿಆರ್‌ಪಿಸಿಯ 389ರ 3ನೇ ಉಪಕಲಂ (ಈಗ ಅದರ ಬದಲು ಬಂದಿರುವ ಬಿಎನ್‌ಎಸ್‌ಎಸ್‌ನ 430) ಇರುವುದೇ ಈ ಹೊತ್ತಿಗಾಗಿ. ವಿಚಾರಣೆಯುದ್ದಕ್ಕೂ ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷ ಮೀರದ ಶಿಕ್ಷೆಯಾಗಿದ್ದು, ಅಪೀಲು ಹಾಕುತ್ತೇನೆ ಎಂದು ಅರ್ಜಿ ಕೊಟ್ಟರೆ, ವಿಶೇಷ ಕಾರಣವಿಲ್ಲದಿದ್ದರೆ ಶಿಕ್ಷೆ ಕೊಟ್ಟ ಕೋರ್ಟೇ ಅಪೀಲಿನ ಅವಧಿಯವರೆಗೆ ಬಿಡಬೇಕು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಕೊಡಬಹುದಾದ ಜೈಲು ಶಿಕ್ಷೆ ಹೆಚ್ಚೆಂದರೆ ಮೂರು ವರ್ಷ. 326ಕ್ಕೆ ಪುಸ್ತಕದಲ್ಲಿ ಹತ್ತು ವರ್ಷ, ಜೀವಾವಧಿ ಎಂದೆಲ್ಲ ಇದ್ದರೂ ಅವರ ಮುಂದೆ ನಡೆದ ಕೇಸಿಗೆ ಈ ಅನುಕೂಲ ಸಾಮಾನ್ಯವಾಗಿ ಸಿಗುತ್ತದೆ. ತೊಡಕು ಬರುವುದು ಗಡಿಯಾರದಿಂದ. ಮಧ್ಯಾಹ್ನ ತೀರ್ಪು ಓದಿ, ಅರ್ಜಿ ಟೈಪಾಗಿ, ಬಾಂಡ್ ಬರೆದು, ಜಾಮೀನುದಾರರ ಪಹಣಿ, ಕಂದಾಯದ ರಸೀದಿ, ಆಧಾರ್ ನೋಡಿ ಮುಗಿಸುವಷ್ಟರಲ್ಲಿ ಕಚೇರಿ ಮುಚ್ಚುವ ಹೊತ್ತಾಗಿರುತ್ತದೆ. ಜಾಮೀನುದಾರರು ಊರಿನಿಂದ ಬರಬೇಕಾದರೆ ಅವತ್ತಿನ ರಾತ್ರಿ ಜೈಲಿನಲ್ಲೇ.

ಶಿಕ್ಷೆಯ ಪ್ರಮಾಣದ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಅದೇ ದಿನ ಕೇಳುತ್ತಾರೆ. ಬಹಳ ಜನ "ಕರುಣೆ ತೋರಿಸಿ ಸ್ವಾಮಿ" ಎಂದಷ್ಟೇ ಹೇಳಿ ಕೈಮುಗಿಯುತ್ತಾರೆ. ವಯಸ್ಸು, ಹಿಂದೆ ಯಾವ ಕೇಸೂ ಇಲ್ಲ ಅನ್ನುವುದು, ಆಸರೆಯಾಗಿ ಯಾರಿದ್ದಾರೆ, ಯಾವ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದೆ, ಎಲ್ಲವನ್ನೂ ದಾಖಲಾಗುವಂತೆ ಹೇಳಬೇಕು. ಅಪೀಲಿನಲ್ಲಿ ಶಿಕ್ಷೆ ಕಡಿಮೆ ಮಾಡುವ ಮಾತು ಬಂದಾಗ ನ್ಯಾಯಾಧೀಶರು ತಿರುಗಿಸಿ ನೋಡುವ ಪುಟಗಳಲ್ಲಿ ಅದೂ ಒಂದು.

ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಒಂದು ಪ್ರತಿಯನ್ನು ಕೂಡಲೇ, ಉಚಿತವಾಗಿ ಕೊಡಬೇಕೆಂದು ಸಿಆರ್‌ಪಿಸಿ 363 (ಈಗ ಬಿಎನ್‌ಎಸ್‌ಎಸ್ 404) ಹೇಳುತ್ತದೆ. ಅದನ್ನು ತೆಗೆದುಕೊಳ್ಳಿ. ಜೊತೆಗೆ ಸಾಕ್ಷಿ ಹೇಳಿಕೆಗಳು, ಕೋರ್ಟು ಸಾಕ್ಷ್ಯವಾಗಿ ಗುರುತು ಮಾಡಿದ ದಾಖಲೆಗಳು, 313ರ ಹೇಳಿಕೆ (ಕೋರ್ಟಿನ ಪ್ರಶ್ನೆಗಳಿಗೆ ಆರೋಪಿ ಕೊಟ್ಟ ಉತ್ತರ, ಈಗ ಬಿಎನ್‌ಎಸ್‌ಎಸ್ 351) ಇವಿಷ್ಟಕ್ಕೂ ನಕಲು ಶಾಖೆಯಲ್ಲಿ ಅವತ್ತೇ ಅರ್ಜಿ ಹಾಕಿ. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಲು ಇರುವುದು 30 ದಿನ, ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗಾದರೆ 60 ದಿನ. ದೃಢೀಕೃತ ನಕಲು ತಯಾರಾಗಲು ಹಿಡಿದ ಸಮಯವನ್ನು ಗಡುವುಗಳನ್ನು ಹೇಳುವ ಲಿಮಿಟೇಶನ್ ಕಾಯ್ದೆಯ 12ನೇ ಕಲಂ ಪ್ರಕಾರ ಕಳೆಯಬಹುದು. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಎರಡೂ ನಕಲಿನ ಮೇಲೆಯೇ ನಮೂದಾಗಿರುತ್ತವೆ. ಸಿದ್ಧವಾದ ಮೇಲೆ ನೀವು ತಡವಾಗಿ ಹೋಗಿ ತಂದರೆ ಆ ದಿನಗಳು ನಿಮ್ಮ ತಲೆಗೇ. ಅವಧಿ ಮೀರಿದರೆ 5ನೇ ಕಲಂ ಅಡಿ ತಡ ಮನ್ನಿಸುವ ಅರ್ಜಿ, ಪ್ರಮಾಣಪತ್ರ, ಅದಕ್ಕೆ ಬೇರೆ ವಿಚಾರಣೆ. ಅಷ್ಟರಲ್ಲಿ ಶಿಕ್ಷೆಗೆ ಸಿಕ್ಕಿದ್ದ ತಡೆಯ ಅವಧಿ ಮುಗಿದು ವಾರಂಟ್ ಹೊರಡುವ ಸಂಭವವಿದೆ.

ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿಗೆ ಅರ್ಜಿ ಹೋಗಬೇಕು. ದಂಡವನ್ನು ಪೂರ್ತಿ ಕಟ್ಟಬೇಕೋ, ಒಂದು ಪಾಲು ಕಟ್ಟಬೇಕೋ ಎಂಬುದನ್ನು ಕೋರ್ಟು ಹೇಳುತ್ತದೆ. ನೌಕರಿಯಲ್ಲಿರುವವರು ಇಲ್ಲಿ ಎಡವುತ್ತಾರೆ. ಅಮಾನತಾಗುವುದು ಶಿಕ್ಷೆಯ ಜಾರಿ ಮಾತ್ರ, ತಪ್ಪಿತಸ್ಥ ಎಂಬ ನಿರ್ಣಯ ಹಾಗೆಯೇ ಇರುತ್ತದೆ. ಆ ನಿರ್ಣಯಕ್ಕೇ ತಡೆ ಬೇಕೆಂದರೆ ಬೇರೆಯಾಗಿ ಕೇಳಬೇಕು, ಅದರಿಂದ ಏನು ಹಾನಿ ಎಂದು ತೋರಿಸಬೇಕು. 1995ರ ರಾಮ ನಾರಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಅಧಿಕಾರವಿದೆ ಎಂದಿದ್ದರೂ ಅಂಥ ತಡೆ ಸಿಗುವುದು ಅಪರೂಪಕ್ಕೆ.

ಇನ್ನು ಕಾಯುವ ಕಾಲ. ಕೋರ್ಟಿನ ಪಡಸಾಲೆಯಲ್ಲಿ ಅತಿ ಹೆಚ್ಚು ಕಿವಿಗೆ ಬೀಳುವ ಮಾತು "ಎಲ್‌ಸಿಆರ್ ಬಂದಿಲ್ಲ". ಕೆಳಗಿನ ಕೋರ್ಟಿನ ಮೂಲ ಕಡತವೇ ಎಲ್‌ಸಿಆರ್. ಅದು ಬಾರದೆ ವಾದ ಶುರುವಾಗುವುದಿಲ್ಲ. ಕಡತ ಬರುವ ಹೊತ್ತಿಗೆ ನ್ಯಾಯಾಧೀಶರಿಗೆ ವರ್ಗವಾಗಿರುತ್ತದೆ, ಹೊಸಬರು ಬಂದು ಕೂರುವ ಹೊತ್ತಿಗೆ ಸರ್ಕಾರಿ ಅಭಿಯೋಜಕರು (ಸರ್ಕಾರದ ಪರ ವಕೀಲರು) ಬದಲಾಗಿರುತ್ತಾರೆ. ಪ್ರತಿ ವಾಯಿದೆಗೂ ಹೋಗಿ ಬಂದು ಹೈರಾಣಾಗುವುದಕ್ಕಿಂತ, ಕೇಸಿನ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿಟ್ಟುಕೊಂಡರೆ ಮುಂದಿನ ತಾರೀಕು, ಅವತ್ತಿನ ಆದೇಶ ಕಾಣುತ್ತದೆ. ಆದರೆ ಅಮಾನತಿನ ಷರತ್ತಿನಲ್ಲಿ ಹಾಜರಾತಿ ಇದ್ದರೆ ಆ್ಯಪ್ ನೋಡಿಕೊಂಡು ಮನೆಯಲ್ಲಿ ಕೂರುವ ಹಾಗಿಲ್ಲ.

ವಕೀಲರು ಬರಲಿಲ್ಲವೆಂದು ಅಪೀಲು ವಜಾ ಆಗಿಬಿಡುತ್ತದೆಯೇ ಎಂಬ ಭಯ ಎಲ್ಲರಿಗೂ ಇರುತ್ತದೆ. ಸಿವಿಲ್ ಕೇಸಿನ ಹಾಗೆ ಗೈರುಹಾಜರಿಗೇ ವಜಾ ಮಾಡುವಂತಿಲ್ಲ, ಕಡತ ನೋಡಿ ಗುಣಾವಗುಣದ ಮೇಲೆಯೇ ತೀರ್ಮಾನಿಸಬೇಕು ಎಂದು 1996ರ ಬನಿ ಸಿಂಗ್ ತೀರ್ಪು ಹೇಳಿದೆ. ಅದರ ಇನ್ನೊಂದು ಮುಖವೂ ಇದೆ. ವಕೀಲರಿಗಾಗಿ ಕೋರ್ಟು ಕಾಯುತ್ತಲೇ ಇರಬೇಕಾಗಿಲ್ಲ, ಅವರಿಲ್ಲದೆಯೂ ಕಡತ ಓದಿ ತೀರ್ಪು ಕೊಡಬಹುದು. 2013ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಕೆ.ಎಸ್. ಪಾಂಡುರಂಗ ಪ್ರಕರಣದಲ್ಲಿ ಅದು ಸ್ಪಷ್ಟವಾಗಿದೆ.

ಈ ಬಿಡುವನ್ನು ಸುಮ್ಮನೆ ಕಳೆಯಬೇಡಿ. ಉದ್ದನೆಯ ಹಾಳೆಯಲ್ಲಿ ಗೆರೆ ಎಳೆದು ಒಂದು ಪಟ್ಟಿ ಮಾಡಿ. ಎಡಗಡೆ ಸಾಕ್ಷಿಗಳು: ಪಿಡಬ್ಲ್ಯೂ (ಪ್ರಾಸಿಕ್ಯೂಷನ್ ಸಾಕ್ಷಿ) 1, 2, 3 ಹೀಗೆ. ಮೇಲುಗಡೆ ಅಂಕಣಗಳು: ದೂರಿನಲ್ಲಿ ಏನಿದೆ, ಪೊಲೀಸರ ಮುಂದೆ 161ರ (ಈಗ ಬಿಎನ್‌ಎಸ್‌ಎಸ್ 180) ಹೇಳಿಕೆಯಲ್ಲಿ ಏನಿದೆ, ಮುಖ್ಯ ವಿಚಾರಣೆಯಲ್ಲಿ (ಸರ್ಕಾರಿ ಅಭಿಯೋಜಕರ ಪ್ರಶ್ನೆಗಳಿಗೆ) ಏನೆಂದರು, ಪಾಟೀಸವಾಲಿನಲ್ಲಿ (ಆರೋಪಿಯ ವಕೀಲರ ಪ್ರಶ್ನೆಗಳಿಗೆ) ಏನೊಪ್ಪಿದರು, ಗಾಯದ ಪ್ರಮಾಣಪತ್ರ ಏನೆನ್ನುತ್ತದೆ. ಪ್ರತಿ ಮನೆಯಲ್ಲೂ ಪುಟ ಸಂಖ್ಯೆ, ಪ್ಯಾರಾ ಸಂಖ್ಯೆ. "ತೀರ್ಪು ಕಾನೂನಿಗೂ ವಾಸ್ತವಕ್ಕೂ ವಿರುದ್ಧವಾಗಿದೆ" ಎಂಬ ಸಿದ್ಧವಾಕ್ಯ ಎಲ್ಲ ಅಪೀಲಿನಲ್ಲೂ ಇರುತ್ತದೆ, ಅದರಿಂದ ಯಾರಿಗೂ ಏನೂ ಆಗಿಲ್ಲ. "ಪಿಡಬ್ಲ್ಯೂ 2 ಪಾಟೀಸವಾಲಿನ ಇಂಥ ಪ್ಯಾರಾದಲ್ಲಿ ತಾನು ಬಂದಾಗ ಜಗಳ ಮುಗಿದಿತ್ತು ಎಂದು ಒಪ್ಪಿದ್ದಾನೆ, ತೀರ್ಪಿನಲ್ಲಿ ಅದರ ಪ್ರಸ್ತಾಪವೇ ಇಲ್ಲ" ಎಂಬಂಥ ಸಾಲು ನ್ಯಾಯಾಧೀಶರನ್ನು ಆ ಪುಟ ತೆರೆಯುವಂತೆ ಮಾಡುತ್ತದೆ.

ತೆರೆದ ಮೇಲೆ ಅವರು ಏನು ಮಾಡಬೇಕು ಎಂಬುದರಲ್ಲಿ ಕಾನೂನು ಗಟ್ಟಿಯಾಗಿದೆ. ಮೊದಲ ಅಪೀಲಿನ ಕೋರ್ಟು ಕೆಳಗಿನ ತೀರ್ಪಿಗೆ ತಲೆದೂಗಿ ಸಹಿ ಹಾಕುವಂತಿಲ್ಲ, ಸಾಕ್ಷ್ಯವನ್ನು ತಾನೇ ಓದಿ ಸ್ವತಂತ್ರ ನಿರ್ಣಯಕ್ಕೆ ಬರಬೇಕು. 2000ದಲ್ಲಿ ಪದಂ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಅಪೀಲಿನ ಕೋರ್ಟಿನ ಕರ್ತವ್ಯ ಎಂದೇ ಕರೆದಿದೆ. ಸಾಕ್ಷಿಯ ಮುಖ ನೋಡಿದವರು ಕೆಳಗಿನ ನ್ಯಾಯಾಧೀಶರು ಎಂಬ ಗೌರವ ಇದ್ದೇ ಇದೆ. ಆದರೆ ಸಾಕ್ಷಿ ಕೇಳಿದ ನ್ಯಾಯಾಧೀಶರೇ ತೀರ್ಪನ್ನೂ ಬರೆದಿದ್ದಾರೆಯೇ ನೋಡಿ. ವರ್ಗಾವಣೆಯಾಗಿ ಮತ್ತೊಬ್ಬರು ಬರೆದಿದ್ದರೆ ಅವರು ಓದಿದ್ದೂ ಇದೇ ಕಾಗದಗಳನ್ನೇ.

ಓದು ಶುರುವಾಗುವುದು ಗಾಯಾಳುವಿನ ಮಾತಿನಿಂದ. ಇದು ಅಪೀಲುದಾರನಿಗೆ ಕಹಿ ಭಾಗ. ಮೈಮೇಲೆ ಗಾಯವಿರುವವನು ಸ್ಥಳದಲ್ಲಿದ್ದ ಅನ್ನುವುದಕ್ಕೆ ಗಾಯವೇ ಸಾಕ್ಷಿ, ಹೊಡೆದವನನ್ನು ಬಿಟ್ಟು ಬೇರೊಬ್ಬನ ಹೆಸರು ಹೇಳುವುದು ಸಹಜವಲ್ಲ ಎಂದು ಕೋರ್ಟುಗಳು ಅವನ ಮಾತಿಗೆ ವಿಶೇಷ ತೂಕ ಕೊಡುತ್ತವೆ. 2010ರ ಅಬ್ದುಲ್ ಸಯೀದ್ ತೀರ್ಪನ್ನು ಸರ್ಕಾರಿ ಅಭಿಯೋಜಕರು ಓದದ ದಿನವಿಲ್ಲ. ಇಷ್ಟೇ ಜನ ಸಾಕ್ಷಿ ಬೇಕೆಂಬ ನಿಯಮವೂ ಇಲ್ಲ, ನಂಬುವಂತಿದ್ದರೆ ಒಬ್ಬನೇ ಸಾಕು. ಉಳಿದ ಸಾಕ್ಷಿಗಳೆಲ್ಲ ಗಾಯಾಳುವಿನ ನೆಂಟರು ಅನ್ನುವ ವಾದವೂ ಒಂಟಿಯಾಗಿ ನಿಲ್ಲುವುದಿಲ್ಲ. ಮನೆ ಮುಂದೆ, ಹೊಲದಲ್ಲಿ ನಡೆದ ಜಗಳಕ್ಕೆ ನೆಂಟರಲ್ಲದೆ ಇನ್ಯಾರು ಇರುತ್ತಾರೆ ಎಂದು ತಿರುಗಿ ಕೇಳುತ್ತಾರೆ.

ವ್ಯತ್ಯಾಸಗಳೆಲ್ಲ ಒಂದೇ ಬೆಲೆಯವಲ್ಲ. ಒಬ್ಬ ಸಂಜೆ ಆರು ಎಂದ, ಇನ್ನೊಬ್ಬ ಆರೂವರೆ ಎಂದ. ಒಬ್ಬ ಹತ್ತು ಅಡಿ ದೂರ ಎಂದ, ಇನ್ನೊಬ್ಬ ಹದಿನೈದು ಎಂದ. ಇಂಥವನ್ನು ಪಟ್ಟಿ ಮಾಡಿ ವಾದಿಸಿದರೆ ನ್ಯಾಯಾಧೀಶರ ತಾಳ್ಮೆ ಕರಗುತ್ತದೆ. ಮನುಷ್ಯನ ನೆನಪು ವಿಡಿಯೋ ಟೇಪ್ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟು 1983ರಲ್ಲೇ ಭರವಾಡಾ ಪ್ರಕರಣದಲ್ಲಿ ಹೇಳಿದೆ. ಯಾರು ಹೊಡೆದದ್ದು, ಯಾವುದರಿಂದ, ದೇಹದ ಯಾವ ಭಾಗಕ್ಕೆ, ಸಾಕ್ಷಿ ಅಲ್ಲಿದ್ದನೇ ಇಲ್ಲವೇ, ಇವುಗಳಲ್ಲಿ ಬಿರುಕಿದ್ದರೆ ಮಾತ್ರ ಹಿಡಿಯಿರಿ.

ಆ ಬಿರುಕಿಗೂ ಒಂದು ಷರತ್ತಿದೆ, ನಮ್ಮಂಥ ಹೊರಗಿನವರಿಗೆ ಇದು ತಿಳಿಯುವುದು ತಡವಾಗಿ. ಸಾಕ್ಷಿ ಪೊಲೀಸರ ಮುಂದೆ ಒಂದು, ಕೋರ್ಟಿನಲ್ಲಿ ಇನ್ನೊಂದು ಹೇಳಿದ್ದರೆ ಅದನ್ನು ವಿಚಾರಣೆಯಲ್ಲೇ ಆ ಸಾಕ್ಷಿಯ ಗಮನಕ್ಕೆ ತಂದು ಕೇಳಿರಬೇಕು. ಅವನು "ನಾನು ಹಾಗೆ ಹೇಳಿಲ್ಲ" ಎಂದರೆ ತನಿಖಾಧಿಕಾರಿಯನ್ನು ಕೇಳಿ, ಹಾಗೆ ಹೇಳಿದ್ದ ಎಂದು ರುಜುವಾತು ಮಾಡಿಸಿರಬೇಕು. ಎರಡರಲ್ಲಿ ಒಂದು ತಪ್ಪಿದ್ದರೂ 161ರ ಹೇಳಿಕೆ ಕಡತದಲ್ಲಿರುವ ಬರಿ ಕಾಗದ. ಅಪೀಲಿನಲ್ಲಿ ಅದನ್ನು ಎತ್ತಿ ತೋರಿಸಿದರೆ "ಇದನ್ನು ಪ್ರೂವ್ ಮಾಡಿದ್ದೀರಾ?" ಎಂಬ ಒಂದೇ ಪ್ರಶ್ನೆಗೆ ವಾದ ಮುಗಿಯುತ್ತದೆ. ಆದ್ದರಿಂದ ಕೇಸು ಇನ್ನೂ ಕೆಳಗಿನ ಕೋರ್ಟಿನಲ್ಲೇ ಇರುವವರು ತನಿಖಾಧಿಕಾರಿಯ ಪಾಟೀಸವಾಲಿನ ಹಿಂದಿನ ದಿನ ವಕೀಲರ ಜೊತೆ ಕೂತು ಈ ಪಟ್ಟಿಯನ್ನು ನೋಡಿಕೊಳ್ಳಿ.

ನಂತರ ವೈದ್ಯಕೀಯ ಸಾಕ್ಷ್ಯ. ಆಯುಧದ ಕೇಸುಗಳಲ್ಲಿ ನಿಜವಾದ ಹೋರಾಟ ಇಲ್ಲೇ. ಮಚ್ಚಿನ ಬಾಯಿ ತಾಗಿದರೆ ಅಂಚು ನೇರವಾಗಿರುವ ಕೊಯ್ದ ಗಾಯ, ಮಚ್ಚಿನ ಹಿಂಬದಿ ಅಥವಾ ದೊಣ್ಣೆ ತಾಗಿದರೆ ಅಂಚು ಚಿಂದಿಯಾದ ಹರಿದ ಗಾಯ ಇಲ್ಲವೇ ಕಂದಿದ ಗಾಯ. ಸಾಕ್ಷಿ "ಮಚ್ಚಿನಿಂದ ಕಡಿದ" ಎಂದು, ಪ್ರಮಾಣಪತ್ರ "ಹರಿದ ಗಾಯ" ಎಂದರೆ ಅಲ್ಲಿ ಒಂದು ಪ್ರಶ್ನೆಯಿದೆ. ಆದರೆ ಎಚ್ಚರ: ತಲೆಬುರುಡೆ, ಮೊಣಕಾಲ ಕೆಳಗಿನ ಮುಂಬದಿಯಂಥ ಕಡೆ ಚರ್ಮ ಮೂಳೆಗೆ ಬಿಗಿದುಕೊಂಡಿರುವುದರಿಂದ ಮೊಂಡು ಏಟಿಗೂ ಕೊಯ್ದಂತೆ ಕಾಣುವ ಸೀಳು ಬೀಳುತ್ತದೆ, ವೈದ್ಯರು ಅದನ್ನೇ ಹೇಳಿಬಿಡಬಹುದು. ಕಣ್ಣಾರೆ ಕಂಡವರ ಮಾತಿಗೂ ವೈದ್ಯರ ಅಭಿಪ್ರಾಯಕ್ಕೂ ಹೊಂದದಿದ್ದಾಗ, ಕಂಡವರ ಮಾತು ನಡೆಯಲು ಸಾಧ್ಯವೇ ಇಲ್ಲ ಎನ್ನುವಷ್ಟು ವೈದ್ಯಕೀಯ ಸಾಕ್ಷ್ಯ ವಿರುದ್ಧವಾಗಿದ್ದರೆ ಮಾತ್ರ ಕೋರ್ಟು ಕಂಡವರನ್ನು ಕೈಬಿಡುತ್ತದೆ. ಇನ್ನೆರಡನ್ನು ಹುಡುಕಿ: ಆಯುಧವನ್ನು ವೈದ್ಯರಿಗೆ ತೋರಿಸಿ "ಈ ಗಾಯ ಇದರಿಂದ ಆಗಬಹುದೇ" ಎಂದು ಕೇಳಿದ್ದಾರೆಯೇ, ಮತ್ತು ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ (ಪೊಲೀಸ್ ಕೇಸಾಗಬಹುದಾದ ಗಾಯಗಳನ್ನು ಬರೆದಿಡುವ ಪುಸ್ತಕ) ಗಾಯ ಹೇಗಾಯಿತೆಂದು ಮೊದಲು ಬರೆದದ್ದೇನು. ಹೊಡೆದವನ ಹೆಸರು ಅಲ್ಲಿಲ್ಲ ಅನ್ನುವುದು ದೊಡ್ಡ ಅಂಶವಲ್ಲ, ವೈದ್ಯರ ಕೆಲಸ ಚಿಕಿತ್ಸೆ. "ಗಾಡಿಯಿಂದ ಬಿದ್ದು" ಎಂದು ಬರೆದಿದ್ದರೆ ದೊಡ್ಡದು.

326 ನಿಲ್ಲಬೇಕಾದರೆ ಗಾಯ, ಐಪಿಸಿ 320 ತೀವ್ರ ಗಾಯ ಎಂದು ಹೇಳುವ ಎಂಟು ಬಗೆಗಳಲ್ಲಿ ಒಂದಕ್ಕೆ ಸೇರಬೇಕು. ಹೆಚ್ಚಿನ ಕೇಸುಗಳಲ್ಲಿ ಅದು ಮೂಳೆ ಮುರಿತ. ಮುರಿತವನ್ನು ತೋರಿಸುವುದು ಎಕ್ಸ್-ರೇ. ಫಿಲಂ ಕಡತದಲ್ಲಿದೆಯೇ? ಗುರುತಾಗಿದೆಯೇ? ಅದನ್ನು ಓದಿ ವರದಿ ಕೊಟ್ಟವರು ಸಾಕ್ಷಿ ಹೇಳಿದ್ದಾರೆಯೇ? ಎಷ್ಟೋ ಕೇಸುಗಳಲ್ಲಿ ಗಾಯದ ಪ್ರಮಾಣಪತ್ರದಲ್ಲಿ "ಮುರಿತ, ತೀವ್ರ ಸ್ವರೂಪದ ಗಾಯ" ಎಂಬ ಒಂದು ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಪ್ರಮಾಣಪತ್ರ ಬರೆದ ವೈದ್ಯರು ಫಿಲಂ ನೋಡಿದ್ದೇನೆಂದೂ ಹೇಳಿರುವುದಿಲ್ಲ. ಆಗ ತೀವ್ರ ಗಾಯ ರುಜುವಾತಾಗಿಲ್ಲ ಎಂದು ಅಪೀಲಿನ ಕೋರ್ಟು 326ನ್ನು 324ಕ್ಕೆ (ಅಂಥದೇ ಆಯುಧದಿಂದ, ಆದರೆ ತೀವ್ರವಲ್ಲದ ಗಾಯ) ಇಳಿಸಬಹುದು. 324ಕ್ಕೆ ಗರಿಷ್ಠ ಮೂರು ವರ್ಷ, ಇಲ್ಲವೇ ದಂಡ, ಇಲ್ಲವೇ ಎರಡೂ. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದ ಎಂಬ ಮಾತ್ರಕ್ಕೂ ತೀವ್ರ ಗಾಯವಾಗದು. ಅಷ್ಟು ದಿನ ತೀವ್ರ ನೋವಿನಲ್ಲಿದ್ದ ಅಥವಾ ದಿನನಿತ್ಯದ ಕೆಲಸ ಮಾಡಲಾಗಲಿಲ್ಲ ಎಂಬುದು ಸಾಕ್ಷ್ಯದಲ್ಲಿ ಬಂದಿರಬೇಕು. 2024ರ ಜುಲೈ 1ರಿಂದ ಈಚಿನ ಘಟನೆಗಳಿಗೆ ಐಪಿಸಿಯ ಬದಲು ಬಂದ ಬಿಎನ್‌ಎಸ್‌ನ 116ನೇ ಕಲಂ ಆ ಇಪ್ಪತ್ತನ್ನು ಹದಿನೈದಕ್ಕೆ ಇಳಿಸಿದೆ. 324 ಮತ್ತು 326 ಎರಡೂ ಅಲ್ಲಿ 118ನೇ ಕಲಂನೊಳಗೆ ಬಂದಿವೆ, ತೀವ್ರ ಗಾಯಕ್ಕೆ ಕನಿಷ್ಠ ಒಂದು ವರ್ಷ ಶಿಕ್ಷೆ ಸೇರಿಕೊಂಡಿದೆ. ಹಳೆಯ ಘಟನೆಗೆ ಹಳೆಯ ಕಲಂಗಳೇ.

ಆಯುಧ ಅಪಾಯಕಾರಿಯೇ ಎಂಬುದೂ ಪ್ರಶ್ನೆಯೇ. ಮಚ್ಚಿನ ವಿಷಯದಲ್ಲಿ ವಾದಕ್ಕೆ ಜಾಗವಿಲ್ಲ. ಕಲ್ಲು, ದೊಣ್ಣೆಯಾದರೆ ಗಾತ್ರ, ಬಳಸಿದ ರೀತಿ ಎಲ್ಲ ನೋಡಬೇಕು. 2005ರ ಮಥಾಯಿ ಪ್ರಕರಣದಲ್ಲಿ ಕಲ್ಲಿನ ಏಟಿನ 326 ಶಿಕ್ಷೆ 325ಕ್ಕೆ (ಅಪಾಯಕಾರಿ ಆಯುಧವಿಲ್ಲದೆ ಮಾಡಿದ ತೀವ್ರ ಗಾಯ) ಬದಲಾಯಿತು. 2004ರ ಶಕೀಲ್ ಅಹ್ಮದ್ ಪ್ರಕರಣದಲ್ಲಿ ಕಚ್ಚಿದ ಹಲ್ಲು ಆಯುಧವಲ್ಲ ಎಂದಾಯಿತು.

ಆಯುಧದ ಜಪ್ತಿಯ ಮೇಲೆ ಜನ ಅತಿಯಾಗಿ ನೆಚ್ಚಿಕೊಳ್ಳುತ್ತಾರೆ. ಮಹಜರಿನ ಪಂಚರು (ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದವರು) ಪ್ರತಿಕೂಲರಾದರು, ಅಂದರೆ ಕೋರ್ಟಿನಲ್ಲಿ ಮಾತು ಬದಲಿಸಿದರು, ಹಾಗಾದರೆ ಕೇಸು ಬಿತ್ತು ಎಂದುಕೊಳ್ಳುವುದು ಸಾಮಾನ್ಯ. ತನಿಖಾಧಿಕಾರಿಯ ಮಾತು ನಂಬುವಂತಿದ್ದರೆ ಪಂಚರಿಲ್ಲದೆಯೂ ಜಪ್ತಿ ನಿಲ್ಲಬಹುದು. ಜಪ್ತಿಯೇ ಬಿದ್ದರೂ ಗಾಯಾಳುವಿನ ಮಾತು ಗಟ್ಟಿಯಿದ್ದರೆ ಶಿಕ್ಷೆ ಉಳಿಯುತ್ತದೆ. ಪ್ರತಿಕೂಲರಾದವರ ಹೇಳಿಕೆಯಲ್ಲೂ ನಂಬಬಹುದಾದ ತುಣುಕನ್ನು ಕೋರ್ಟು ಎತ್ತಿಕೊಳ್ಳಬಹುದು.

ಅದಕ್ಕಿಂತ ಉಪಯೋಗಕ್ಕೆ ಬರುವುದು ಆರೋಪಿಯ ಮೈಮೇಲಿನ ಗಾಯ. ಅದೇ ಜಗಳದಲ್ಲಿ ಅವನಿಗೂ ಪೆಟ್ಟಾಗಿದ್ದು, ಪ್ರಾಸಿಕ್ಯೂಷನ್ ಅದರ ಬಗ್ಗೆ ಚಕಾರ ಎತ್ತದಿದ್ದರೆ ಘಟನೆಯ ಮೂಲವನ್ನೇ ಮುಚ್ಚಿಟ್ಟಿದ್ದಾರೆ ಎಂಬ ವಾದಕ್ಕೆ 1976ರ ಲಕ್ಷ್ಮೀ ಸಿಂಗ್ ತೀರ್ಪಿನ ಬಲವಿದೆ. ತರಚು ಗಾಯಕ್ಕೆ ಇದು ನಡೆಯದು. ಎದುರು ಕೇಸಿದ್ದರೆ ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೆ ಒಂದು ಕೇಳಬೇಕೆಂಬುದು ಪದ್ಧತಿ, ಕಡತದಲ್ಲಿ ಹಾಗಾಗಿದೆಯೇ ನೋಡಿ. 313ರಲ್ಲಿ ಆರೋಪಿಗೆ ಕೇಳದೇ ಬಿಟ್ಟ ಅಂಶದ ಮೇಲೆ ಶಿಕ್ಷೆ ನಿಂತಿದ್ದರೆ ಅದನ್ನೂ ಹೇಳಿ, ಆದರೆ ಅದರಿಂದ ಏನು ತೊಂದರೆಯಾಯಿತೆಂದು ತೋರಿಸಬೇಕು.

ಹೊಸ ಸಾಕ್ಷ್ಯಕ್ಕೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಿಆರ್‌ಪಿಸಿ 391 (ಈಗ ಬಿಎನ್‌ಎಸ್‌ಎಸ್ 432) ಅಡಿ ಕೇಳಬಹುದು, ಕಾರಣ ಬರೆದು ಕೋರ್ಟು ಒಪ್ಪಬೇಕು. ನೆನಪಿರಲಿ, ಆ ಬಾಗಿಲು ಪ್ರಾಸಿಕ್ಯೂಷನ್‌ಗೂ ತೆರೆದಿದೆ. ಕಾಣೆಯಾದ ಎಕ್ಸ್-ರೇಗೆ ಅವರೂ ಅರ್ಜಿ ಹಾಕಬಹುದು.

ನಮ್ಮ ಅಪೀಲಿನಲ್ಲಿ ಘಟನೆ ನಡೆದದ್ದು, ಏಟು ಬಿದ್ದದ್ದು ರುಜುವಾತಾಗಿದೆ ಎಂದೇ ಆಯಿತು. ಬಿಡುಗಡೆಯ ಆಸೆ ಅಲ್ಲಿಗೆ ಹೋಯಿತು. ಮುರಿತಕ್ಕೆ ಆಧಾರವಿಲ್ಲವೆಂದು 326 ಹೋಗಿ 324 ಬಂತು, ಜೈಲಿನ ಬದಲು ದಂಡ ಹೆಚ್ಚಾಗಿ ಅದರಲ್ಲಿ ದೊಡ್ಡ ಪಾಲು ಗಾಯಾಳುವಿಗೆ ಪರಿಹಾರವಾಗಿ ಹೋಯಿತು. ಕಲಂ ಇಳಿಯುವುದರ ಬೆಲೆ ಇನ್ನೊಂದು ಕಡೆಯೂ ಇದೆ. ಜೀವಾವಧಿ ಶಿಕ್ಷೆಯ ಅವಕಾಶವಿರುವ ಅಪರಾಧಕ್ಕೆ 1958ರ ಪ್ರೊಬೇಷನ್ ಕಾಯ್ದೆಯ 4ನೇ ಕಲಂ ಅನ್ವಯಿಸದು, ಹಾಗಾಗಿ 326ರಲ್ಲಿ ಜೈಲಿನ ಬದಲು ಸನ್ನಡತೆಯ ಬಾಂಡಿನ ಮೇಲೆ ಬಿಡುವ ಮಾತೇ ಇಲ್ಲ. 324ರಲ್ಲಿ ಕೇಳಬಹುದು. ಅಪೀಲು ಹಾಕಿದ್ದಕ್ಕೆ ಶಿಕ್ಷೆ ಹೆಚ್ಚಾಗುತ್ತದೆ ಎಂದು ಹೆದರಬೇಕಿಲ್ಲ, ಆರೋಪಿಯ ಅಪೀಲಿನಲ್ಲಿ ಹೆಚ್ಚಿಸುವಂತಿಲ್ಲ. ಸರ್ಕಾರ ಸಿಆರ್‌ಪಿಸಿ 377ರ (ಈಗ ಬಿಎನ್‌ಎಸ್‌ಎಸ್ 418) ಅಡಿ ಬೇರೆ ಅಪೀಲು ಹಾಕಿದ್ದರೆ ಮಾತು ಬೇರೆ.

ರಾಜಿಯ ಬಗ್ಗೆ ಊರಿನ ಹಿರಿಯರು ಹೇಳುವುದನ್ನು ಅರ್ಧ ಮಾತ್ರ ನಂಬಿ. ಈ ಕಲಂಗಳು ರಾಜಿಗೆ ಬರುವಂಥವಲ್ಲ, ಸೆಷನ್ಸ್ ಕೋರ್ಟಿನಲ್ಲಿ ರಾಜಿ ಪತ್ರ ಶಿಕ್ಷೆ ಇಳಿಸಲು ನೆಪವಾದೀತು ಅಷ್ಟೇ. ಹೈಕೋರ್ಟಿಗೆ ಮಾತ್ರ ತನ್ನ ಅಂತರ್ಗತ ಅಧಿಕಾರವಿದೆ. ಘೋರವಲ್ಲದ ಪ್ರಕರಣಗಳನ್ನು ಶಿಕ್ಷೆಯಾದ ಮೇಲೂ ರಾಜಿಯ ಆಧಾರದಲ್ಲಿ ಅದು ರದ್ದು ಮಾಡಬಹುದೆಂದು 2021ರ ರಾಮಗೋಪಾಲ್ ತೀರ್ಪು ಹೇಳಿದೆ.

ಖರ್ಚಿನಲ್ಲಿ ಕೋರ್ಟು ಶುಲ್ಕ ಲೆಕ್ಕಕ್ಕೇ ಇಲ್ಲ. ವಕೀಲರ ಫೀಸು, ಪುಟಕ್ಕಿಷ್ಟೆಂದು ಬೀಳುವ ನಕಲು, ಓಡಾಟ, ಕೂಲಿ ಬಿಟ್ಟ ದಿನಗಳು, ಹೊರೆ ಇವುಗಳದ್ದು. ಫೀಸು ಇಡೀ ಅಪೀಲಿಗೋ, ವಾಯಿದೆಗೆ ಇಷ್ಟೋ ಎಂದು ಮೊದಲೇ ಕೇಳಿ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಅಪೀಲು ವಜಾ ಆದರೆ ಮುಂದಿನದು ಹೈಕೋರ್ಟಿನಲ್ಲಿ ರಿವಿಷನ್, 90 ದಿನದೊಳಗೆ. ಅಲ್ಲಿ ಸಾಕ್ಷ್ಯವನ್ನು ಮತ್ತೆ ಇಡಿಯಾಗಿ ತೂಗುವುದಿಲ್ಲ, ಕಾನೂನಿನ ತಪ್ಪು ಅಥವಾ ಎದ್ದು ಕಾಣುವ ಅನ್ಯಾಯವಿದೆಯೇ ಎಂದಷ್ಟೇ ನೋಡುತ್ತಾರೆ. ಎಕ್ಸ್-ರೇ ಇಲ್ಲ, ಸಾಕ್ಷಿ ಸ್ಥಳದಲ್ಲಿರಲಿಲ್ಲ ಎಂಬಂಥ ವಾದಗಳನ್ನು ಸೆಷನ್ಸ್ ಕೋರ್ಟಿನಲ್ಲೇ ಲಿಖಿತವಾಗಿ ಕೊಟ್ಟಿರಬೇಕು. ಅಪೀಲು ವಜಾ ಆದರೆ, ಶರಣಾಗಲು ಸಮಯ ಬೇಕೆಂದು ಆ ದಿನವೇ ಕೇಳಿ. ಶಿಕ್ಷೆಯಾಗುವ ಮೊದಲು ಜೈಲಿನಲ್ಲಿ ಕಳೆದ ದಿನಗಳನ್ನು ಸಿಆರ್‌ಪಿಸಿ 428ನೇ ಕಲಂ (ಈಗ ಬಿಎನ್‌ಎಸ್‌ಎಸ್ 468) ಪ್ರಕಾರ ಶಿಕ್ಷೆಯಲ್ಲಿ ಕಳೆದಿದ್ದಾರೆಯೇ ನೋಡಿ. ಗೆದ್ದವರಿಗೂ ಓಡಾಟ ಪೂರ್ತಿ ತಪ್ಪುವುದಿಲ್ಲ: ಮೊದಲು ಕಟ್ಟಿದ ದಂಡ ವಾಪಸು ಬರಬೇಕಿದ್ದರೆ ಅದಕ್ಕೆ ಬೇರೆ ಅರ್ಜಿ, ತೀರ್ಪಿನ ಪ್ರತಿ, ದಂಡ ಕಟ್ಟಿದ ಮೂಲ ರಸೀದಿ ಬೇಕು. ಜಾಮೀನುದಾರರು ಮೂಲ ದಾಖಲೆಗಳನ್ನು ಕೊಟ್ಟಿದ್ದರೆ ಅವನ್ನೂ ಅರ್ಜಿ ಹಾಕಿಯೇ ಬಿಡಿಸಿಕೊಳ್ಳಬೇಕು.